ಹಿಂಬದಿ ಸಸ್ಪೆನ್ಷನ್ ಕೆಲಸದಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ, ದಿನಾ ರಸ್ತೆಯಲ್ಲಿ ಓಡುವ ಗಾಡಿಗಳಿಗೆ ರೋಸ್ ಜಾಯಿಂಟ್ (ರಬ್ಬರ್ ಇಲ್ಲದ, ಲೋಹದ ಗುಂಡಿನ ಕೀಲು) ಇರುವ ಹಿಂಬದಿ ಲಿಂಕ್‌ಗಳನ್ನು, ಅಂದರೆ ಚಕ್ರವನ್ನು ಗಾಡಿಗೆ ಜೋಡಿಸುವ ಆರ್ಮ್‌ಗಳನ್ನು, ನಾವು ಹಾಕುವುದಿಲ್ಲ. ಚಕ್ರದಿಂದ ಮುಂದಕ್ಕೆ ಚಾಚಿದ ಟ್ರೇಲಿಂಗ್ ಆರ್ಮ್‌ಗೆ ಪಾಲಿ ಬುಶ್ (ಆರ್ಮ್ ತುದಿಗೆ ಹಾಕುವ ಪಾಲಿಯುರೆಥೇನ್ ಮೆತ್ತೆ) ಕೂಡ ಇಲ್ಲ. ನೀವೇ ತಂದ ಸಾಮಾನಾದರೂ ಇದೇ ಮಾತು. ಗಟ್ಟಿ ರಬ್ಬರ್ ಬುಶ್ ಇರುವ, ಉದ್ದ ಹೊಂದಿಸಬಹುದಾದ (ಅಡ್ಜಸ್ಟಬಲ್) ಆರ್ಮ್ ಮಾತ್ರ ಹಾಕುತ್ತೇವೆ. ಬಿಲ್ ಮೊದಲಿಗಿಂತ ಸ್ವಲ್ಪ ಜಾಸ್ತಿಯಾಗುತ್ತದೆ. ಲಿಂಕ್ ತರಿಸಿಟ್ಟುಕೊಂಡು ಸರದಿಗೆ ಕಾಯುತ್ತಿದ್ದವರಿಗೆ ಇದರಿಂದ ಬೇಜಾರಾಗಿದೆ, ಗೊತ್ತು. ದಯವಿಟ್ಟು ಕ್ಷಮಿಸಿ. ಆದರೆ ತೀರ್ಮಾನ ಬದಲಾಗುವುದಿಲ್ಲ.

ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ರಬ್ಬರ್ ಹಾಕೋದಾದ್ರೆ ಕಂಪನಿ ಸಾಮಾನೇ ಸಾಕಲ್ವಾ? ಪರ್ಫಾರ್ಮೆನ್ಸ್ ಗಾಡಿಗೆ ಗಟ್ಟಿ ಜಾಯಿಂಟ್ ಬೇಡ್ವಾ?"

ನಮ್ಮಲ್ಲಿಗೆ ಹೆಚ್ಚು ಬರುವ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರನ್ನೇ ತೆಗೆದುಕೊಳ್ಳಿ. ಅದರ ಹಿಂದೆ ಮಲ್ಟಿಲಿಂಕ್ ಇದೆ, ಅಂದರೆ ಒಂದೊಂದು ಚಕ್ರವನ್ನೂ ಹಲವು ಆರ್ಮ್‌ಗಳು ಹಿಡಿದಿರುತ್ತವೆ. ಚಕ್ರ ಮೇಲೆ ಕೆಳಗೆ ಹೋದಾಗ ಒಂದೊಂದು ಆರ್ಮೂ ಬರೀ ತೂಗುವುದಿಲ್ಲ, ಸ್ವಲ್ಪ ತಿರುಚಿಕೊಳ್ಳುತ್ತದೆ ಕೂಡ. ರಬ್ಬರ್ ಬುಶ್ ಈ ತಿರುಚನ್ನು ತಡೆದುಕೊಳ್ಳುತ್ತದೆ. ಪಾಲಿ ಬುಶ್ ಒಂದೇ ದಿಕ್ಕಿನಲ್ಲಿ ತಿರುಗುವ ಜಾಗಕ್ಕೆ ಚೆನ್ನ. ತಿರುಚುವ ಜಾಗದಲ್ಲಿ ಹಾಕಿದರೆ ಬಿಗಿದುಕೊಳ್ಳುತ್ತದೆ. ಸ್ಪ್ರಿಂಗ್ ಜೊತೆ ಬುಶ್ಶೂ ಸ್ಪ್ರಿಂಗ್ ಆಗಿಬಿಡುತ್ತದೆ. ತಿರುವಿನಲ್ಲಿ ಒಂದು ಗುಂಡಿ ಸಿಕ್ಕರೆ ಸಾಕು, ಹಿಂಭಾಗ ಹಾರುತ್ತದೆ.

ರೋಸ್ ಜಾಯಿಂಟ್ ಹಾಗೆ ಬಿಗಿದುಕೊಳ್ಳುವುದಿಲ್ಲ, ನಿಜ. ಟೋ (ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ) ಒಂದಿಷ್ಟೂ ಅಲ್ಲಾಡುವುದಿಲ್ಲ, ಅದೂ ನಿಜ. ಆದರೆ ಅದು ಲೋಹದ ಗುಂಡು ಉಜ್ಜಿಕೊಂಡು ತಿರುಗುವ ಜಾಯಿಂಟ್. ನಮ್ಮ ಮಳೆ, ಮಣ್ಣು, ಹಂಪ್‌ಗಳಲ್ಲಿ ಒಳಗೆ ಮರಳು ಸೇರಿ ಬೇಗ ಸಡಿಲವಾಗುತ್ತದೆ. ಆಮೇಲೆ ಟಕ್ ಟಕ್ ಸದ್ದು. ಸಡಿಲವಾದ ಮೇಲೆ ಟೋ ಹಿಡಿತವೂ ಹೋಯಿತು. ಯಾವುದಕ್ಕಾಗಿ ದುಡ್ಡು ಹಾಕಿದ್ದಿರೋ ಅದೇ ಇಲ್ಲ. ಕೊಯಮತ್ತೂರಿನ ಕರಿ ಸ್ಪೀಡ್‌ವೇ ರೇಸ್ ಟ್ರ್ಯಾಕ್‌ಗೆ ಟ್ರಕ್ ಮೇಲೆ ಹೋಗುವ ಟ್ರ್ಯಾಕ್ ಗಾಡಿಗಳಿಗೆ ಈಗಲೂ ಹಾಕುತ್ತೇವೆ. ಅಲ್ಲಿ ಅದಕ್ಕೆ ಜಾಗ ಇದೆ, ಪ್ರತಿ ಸಲ ಬಿಚ್ಚಿ ನೋಡುವ ಕೈಯೂ ಇರುತ್ತದೆ.

ಇನ್ನೊಂದು ಮಾತು. ಎಲ್ಲರಿಗೂ ಲಿಂಕ್ ಬೇಕಾಗಿಲ್ಲ. ಈ ಆಕ್ಟೇವಿಯಾದಲ್ಲಿ ಹಿಂಬದಿ ಚಕ್ರದ ಕ್ಯಾಂಬರ್‌ಗೂ (ಚಕ್ರ ಮೇಲಿನಿಂದ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಟೋಗೂ ಕಂಪನಿಯೇ ಎಕ್ಸೆಂಟ್ರಿಕ್ ಬೋಲ್ಟ್ (ತಿರುಗಿಸಿ ಕೋನ ಹೊಂದಿಸುವ ಬೋಲ್ಟ್) ಕೊಟ್ಟಿದೆ. ಗಾಡಿಯ ಎತ್ತರ ಸ್ವಲ್ಪವೇ ಇಳಿಸಿದ್ದರೆ ಎಷ್ಟೋ ಸಲ ಅದೇ ಸಾಕು. ಮೊದಲು ಅಲೈನ್‌ಮೆಂಟ್ ಶೀಟ್ ನೋಡುತ್ತೇವೆ. ಬೋಲ್ಟನ್ನು ಕೊನೆವರೆಗೂ ತಿರುಗಿಸಿದರೂ ಕ್ಯಾಂಬರ್ ಇಳಿಯದಿದ್ದರೆ, ಟೈರಿನ ಒಳಅಂಚು ಸವೆಯುತ್ತಿದ್ದರೆ, ಆಗ ಮಾತ್ರ ಆರ್ಮ್. ಸಾಮಾನು ಮಾರೋಕೆ ಹೀಗೆಲ್ಲ ಹೇಳ್ತಾರೆ ಅನ್ನುವವರು ಇದನ್ನು ದಯವಿಟ್ಟು ಯೋಚಿಸಬೇಕು.

ಈಗ ದುಡ್ಡಿನ ವಿಷಯ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು, ನಿಮ್ಮ ರೇಟು ಯಾಕೆ ಇಳಿಯಲಿಲ್ಲ ಅಂತ ತುಂಬಾ ಜನ ಕೇಳಿದರು. ಇಳಿದ ತೆರಿಗೆ ಬಿಲ್‌ನಲ್ಲೇ ಕಾಣುತ್ತದೆ, ಒಂದು ಪೈಸೆಯೂ ನಾವು ಇಟ್ಟುಕೊಂಡಿಲ್ಲ. ಆದರೆ ಈ ಆರ್ಮ್‌ಗಳು ಯೂರೋಪಿನಿಂದ ಬರುತ್ತವೆ. ಅದೇ ವರ್ಷ ಯೂರೋ ನೂರು ರೂಪಾಯಿ ದಾಟಿತು. ಕಸ್ಟಮ್ಸ್ ಸುಂಕ ಬೇರೆ. ಕೊರಿಯರ್‌ನವರು ತೂಕಕ್ಕೆ ಹಾಕುತ್ತಾರೆ, ಆರ್ಮ್ ಹಗುರ ಅಲ್ಲ. ಜಿಎಸ್‌ಟಿ ಇಳಿದದ್ದು ಪೇಪರಿನಲ್ಲಿ ಬಂತು, ಇದೆಲ್ಲ ಬರಲಿಲ್ಲ.

"ಬೋಲ್ಟ್‌ಗೂ ಬಿಲ್ಲಾ" ಅನ್ನುವ ಮಾತು ಮಾತ್ರ ನಮಗೆ ನಿಜವಾಗಿ ನೋವು ಕೊಟ್ಟಿದೆ. ಆರ್ಮ್ ಹಿಡಿದಿಡುವ ಇವು, ಅಳೆದ ಬಲದಲ್ಲಿ (ಟಾರ್ಕ್) ಬಿಗಿದ ಮೇಲೆ ಇನ್ನಷ್ಟು ಡಿಗ್ರಿ ತಿರುಗಿಸುವ ಬೋಲ್ಟ್‌ಗಳು. ಒಂದು ಸಲ ಬಿಚ್ಚಿದರೆ ಹೊಸದು ಹಾಕಬೇಕು. ಹಳೆ ಗಾಡಿಗಳಲ್ಲಿ ತುಕ್ಕು ಹಿಡಿದು ಬುಶ್ ಒಳಗಿನ ಲೋಹದ ಕೊಳವೆಗೇ (ಸ್ಲೀವ್) ಕಚ್ಚಿಕೊಂಡಿರುತ್ತವೆ. ಕತ್ತರಿಸಿ ತೆಗೆಯುವುದರಲ್ಲೇ ಹುಡುಗರ ಅರ್ಧ ದಿನ ಹೋಗುತ್ತದೆ. ಆಮೇಲೂ ಗಾಡಿ ಗಾಳಿಯಲ್ಲಿರುವಾಗ ರಬ್ಬರ್ ಬುಶ್ ಬಿಗಿಯುವಂತಿಲ್ಲ. ಗಾಡಿ ನೆಲದ ಮೇಲೆ ನಿಂತಾಗ ಇರುವ ಎತ್ತರಕ್ಕೆ ಚಕ್ರ ತಂದು ಬಿಗಿಯಬೇಕು. ಇಲ್ಲವಾದರೆ ಬುಶ್ ಸದಾ ತಿರುಚಿಕೊಂಡೇ ಇದ್ದು ಹರಿದುಹೋಗುತ್ತದೆ. ನಮ್ಮ ಹುಡುಗರು ಈ ಕೆಲಸ ಎಂದೂ ಅವಸರದಲ್ಲಿ ಮುಗಿಸಿಲ್ಲ. ಕೂಲಿ ಹೆಚ್ಚಿಸಿದ್ದು ಅವರಿಗಾಗಿ.

ನಮ್ಮಲ್ಲೇ ಮೊದಲು ರೋಸ್ ಜಾಯಿಂಟ್ ಹಾಕಿಸಿಕೊಂಡವರು ಗಾಬರಿಯಾಗಬೇಡಿ. ಯಾವಾಗ ಬೇಕಾದರೂ ಬನ್ನಿ, ಲಿಫ್ಟ್‌ಗೆ ಏರಿಸಿ ಪ್ರತಿಯೊಂದು ಜಾಯಿಂಟನ್ನೂ ನಾವೇ ಅಲ್ಲಾಡಿಸಿ ನೋಡುತ್ತೇವೆ, ಅದಕ್ಕೆ ದುಡ್ಡಿಲ್ಲ. ಈ ತಿಂಗಳ ಕೊನೆಯೊಳಗೆ ಅಡ್ವಾನ್ಸ್ ಕೊಟ್ಟವರಿಗೆ ಹಳೆ ರೇಟೇ. ಈ ಬದಲಾವಣೆ ಬೇಡ ಅನ್ನಿಸಿದವರಿಗೆ ಅಡ್ವಾನ್ಸ್ ಪೂರ್ತಿ ವಾಪಸ್. ಫೋನ್ ಮಾಡಿ, ಯಾಕೆ ಅಂತ ಕೇಳುವುದಿಲ್ಲ.

ನಿಮ್ಮ ಗ್ಯಾರೇಜಿನವರು