ಲಕ್ಕವಳ್ಳಿ ಪ್ರವಾಸ ಮತ್ತು ಮೊಬೈಲ್: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ, ನಮಸ್ಕಾರ.

ಎಂಟನೇ ತರಗತಿ ಮಕ್ಕಳು ಲಕ್ಕವಳ್ಳಿಯ ಜಂಗಲ್ ಲಾಡ್ಜ್‌ಗೆ ಹೋಗಿ ಬಂದ ಮೇಲೆ ವಾಟ್ಸಾಪ್ ಗ್ರೂಪಿನಲ್ಲಿ ನಡೆದ ಮಾತುಕತೆ ಪೂರ್ತಿ ಓದಿದೆ. ಕೆಲವರು ಆಫೀಸಿಗೇ ಬಂದು ಮುಖಾಮುಖಿ ಹೇಳಿದಿರಿ, ಅದು ಇನ್ನೂ ಒಳ್ಳೆಯದಾಯಿತು. ಎಲ್ಲ ಸೋಸಿದರೆ ಉಳಿಯುವ ದೂರು ಎರಡು. ಒಂದು, ಅಷ್ಟು ದುಡ್ಡು ಕೊಟ್ಟರೂ ಹುಲಿ ಕಾಣಲಿಲ್ಲ. ಇನ್ನೊಂದು, ಮಕ್ಕಳ ಮೊಬೈಲ್ ತೆಗೆದಿಟ್ಟುಕೊಂಡಿದ್ದು. ಈ ತಿಂಗಳ ಕೊನೆಗೆ ಒಂಬತ್ತನೇ ತರಗತಿಯವರು ಹೊರಡುತ್ತಾರೆ. ಈ ಸಲ ಮೊಬೈಲನ್ನು ಮನೆಯಲ್ಲೇ ಬಿಟ್ಟು ಬರಬೇಕು ಅಂತ ಹೇಳಿದ್ದೇವೆ. ಅದಕ್ಕೇ ಈ ಪತ್ರ.

ಹುಲಿ ವಿಷಯ ಬೇಗ ಮುಗಿಸುತ್ತೇನೆ. ಲಕ್ಕವಳ್ಳಿಯ ಭದ್ರಾ ಕಾಡು 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಹುಲಿ ಅಲ್ಲಿ ಇದೆ. ಆದರೆ ಸಾಗುವಾನಿ, ಬಿದಿರು, ಪೊದೆ ಒತ್ತಾಗಿ ಬೆಳೆದ ಕಾಡದು, ದಾರಿಯಿಂದ ನಾಲ್ಕು ಮಾರು ಆಚೆಗೆ ಏನು ಮಲಗಿದ್ದರೂ ಗೊತ್ತಾಗುವುದಿಲ್ಲ. ನಮ್ಮ ಸುತ್ತೋಲೆಯಲ್ಲಿ ಹುಲಿ ತೋರಿಸುತ್ತೇವೆ ಅಂತ ಎಲ್ಲೂ ಬರೆದಿರಲಿಲ್ಲ. ದುಡ್ಡು ವಾಪಸ್ ಕೊಡಿ ಅಂತ ಒಬ್ಬರು ಹಾಕಿದ್ದು ತಮಾಷೆಗೆ ಅಂದುಕೊಂಡಿದ್ದೇನೆ.

ಹಾಗಾದರೆ ಮಕ್ಕಳು ನೋಡಿದ್ದೇನು? ಬೆಳಿಗ್ಗೆ ಹಾಲು, ಬಿಸ್ಕತ್ತು ಕೊಟ್ಟು ಕತ್ತಲಿದ್ದಾಗಲೇ ಜೀಪ್ ಹತ್ತಿಸಿದೆವು. (ತಿಂಡಿ ತಡವಾಯಿತು ಅಂದವರಿಗೆ: ಸಫಾರಿ ಮುಗಿದ ಮೇಲೇ ತಿಂಡಿ, ಅಲ್ಲಿ ಎಲ್ಲರಿಗೂ ಹಾಗೇ.) ಕಾಡುಕೋಣ, ಕಡವೆ, ಕೆಂದಳಿಲು ಎಲ್ಲ ಸಿಕ್ಕವು. ಆದರೆ ನಾನು ಹೇಳಬೇಕೆಂದಿರುವುದು ಒಂದು ತಿರುವಿನಲ್ಲಿ ಆಗಿದ್ದು. ದೂರದಲ್ಲಿ ಜಿಂಕೆ ಚುರುಕಾಗಿ ಕೂಗಿತು, ಮತ್ತೆ ಕೂಗಿತು. ಜೊತೆಗಿದ್ದ ನ್ಯಾಚುರಲಿಸ್ಟ್ (ಕಾಡು ತೋರಿಸುವ ಮಾರ್ಗದರ್ಶಿ) ಕೈ ಎತ್ತಿದರು, ಡ್ರೈವರ್ ಇಂಜಿನ್ ನಿಲ್ಲಿಸಿದರು. ಮರದ ಮೇಲಿಂದ ಮುಸಿಯಗಳು ಕೆಮ್ಮಿದ ಹಾಗೆ ಸದ್ದು ಮಾಡತೊಡಗಿದವು. ಹುಲಿಯೋ ಚಿರತೆಯೋ ಓಡಾಡಿದಾಗ ಇವು ಒಂದಕ್ಕೊಂದು ಎಚ್ಚರ ಹೇಳುವುದು ಹೀಗೇ. ಜೀಪಿನಲ್ಲಿದ್ದ ಅಷ್ಟೂ ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು. ಅವರು ತರಗತಿಯಲ್ಲಿ ಹಾಗೆ ಕೂತಿದ್ದನ್ನು ನಾನಂತೂ ನೋಡಿಲ್ಲ. ಆಗ ಒಬ್ಬ ಹುಡುಗಿ ಪಿಸುಗುಟ್ಟಿದಳು, 'ಸರ್, ಮುಸಿಯಗಳೆಲ್ಲ ಒಂದೇ ಕಡೆ ನೋಡ್ತಿದಾವೆ.' ಅದನ್ನು ಅವಳಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಹುಲಿ ಹೊರಗೆ ಬರಲಿಲ್ಲ, ಕೂಗು ನಿಧಾನವಾಗಿ ದೂರ ಸರಿಯಿತು, ನಾವು ಮುಂದೆ ಹೋದೆವು. ಅವಳ ಕೈಯಲ್ಲಿ ಫೋನ್ ಇದ್ದಿದ್ದರೆ ಆ ಮುಸಿಯಗಳ ಒಂದು ಮಸುಕು ವಿಡಿಯೊ ಸಿಗುತ್ತಿತ್ತು, ಅವು ಯಾವ ಕಡೆ ನೋಡುತ್ತಿವೆ ಅನ್ನುವುದು ಸಿಗುತ್ತಿರಲಿಲ್ಲ.

ಸಂಜೆ ದೋಣಿ ಸಫಾರಿ. ಭದ್ರಾ ಹಿನ್ನೀರಿನಲ್ಲಿ ಈಗ ನೀರು ಇಳಿಯುತ್ತಿದೆ, ನಡುಗಡ್ಡೆಗಳು ಮೇಲೇಳುತ್ತಿವೆ. ಆ ಬೋಳು ನೆಲಕ್ಕೆ ರೀವ ಹಕ್ಕಿಗಳು (ಇಂಗ್ಲಿಷಿನಲ್ಲಿ ರಿವರ್ ಟರ್ನ್) ಮೊಟ್ಟೆ ಇಡಲು ಬರುತ್ತವೆ. ಆ ಲಾಡ್ಜಿಗೆ ರಿವರ್ ಟರ್ನ್ ಅಂತ ಹೆಸರು ಬಂದಿದ್ದೇ ಇವುಗಳಿಂದ. ಗೂಡು ಅಂತ ಏನೂ ಇಲ್ಲ, ಕಲ್ಲುಮಣ್ಣಿನಲ್ಲಿ ಒಂದು ಸಣ್ಣ ಕುಳಿ, ಅಷ್ಟೇ. ಗಂಡು ಮೀನು ಹಿಡಿದು ತಂದು ಹೆಣ್ಣಿನ ಕೊಕ್ಕಿಗೆ ಕೊಡುತ್ತದೆ, ಹೆಣ್ಣು ಮನಸ್ಸಿದ್ದರೆ ತಗೊಳ್ಳುತ್ತದೆ. ಒಂದು ಗಂಡಂತೂ ಮೀನು ಹಿಡಿದುಕೊಂಡು ಸುಮ್ನೆ ಸುತ್ತಿ ಸುತ್ತಿ ಸಾಕಾಗಿ ಕೊನೆಗೆ ತಾನೇ ನುಂಗಿತು. ಮಕ್ಕಳು ನಕ್ಕಿದ್ದೇ ನಕ್ಕಿದ್ದು. ಎಂಟನೇ ತರಗತಿ ಅಲ್ವಾ, ನಗಬೇಕಾದ್ದೇ. ಅಷ್ಟು ಹೊತ್ತು ಒಂದೇ ಹಕ್ಕಿಯನ್ನು ನೋಡುತ್ತಾ ಕೂತಿದ್ದರು ಅನ್ನುವುದು ನಿಮಗೆ ಗೊತ್ತಿರಲಿ ಅಂತ ಬರೆದೆ.

ಈಗ ಮೊಬೈಲ್.

ದಿನವಿಡೀ ಮಗುವಿನ ದನಿ ಕೇಳದೆ ಇರುವುದು ಕಷ್ಟ, ನನಗೆ ಅರ್ಥವಾಗುತ್ತದೆ. ಮೊದಲ ಸಲ ಮನೆ ಬಿಟ್ಟು ಮಲಗಿದ ಮಕ್ಕಳೂ ಇದ್ದರು. ಒಬ್ಬ ಹುಡುಗನ ಹುಟ್ಟಿದಹಬ್ಬ ಅವತ್ತೇ ಇತ್ತು, ರಾತ್ರಿ ಹನ್ನೆರಡಕ್ಕೆ ವಿಶ್ ಮಾಡಲು ಆಗಲಿಲ್ಲ ಅಂತ ಅವನ ತಾಯಿ ತುಂಬಾ ನೊಂದುಕೊಂಡರು. ಬೆಳಿಗ್ಗೆ ಟೀಚರ್ ಫೋನಿನಿಂದಲೇ ಅವನು ಅಮ್ಮನ ಜೊತೆ ಮಾತಾಡಿದ. ಹನ್ನೆರಡಕ್ಕೆ ಅವನು ಗಾಢ ನಿದ್ದೆಯಲ್ಲಿದ್ದ ಅಮ್ಮಾ, ಎಬ್ಬಿಸಿದ್ದರೂ ಏಳುತ್ತಿರಲಿಲ್ಲ.

ಆದರೂ ನಿಯಮ ನಿಯಮವೇ. ಕಾರಣ ಹೇಳುತ್ತೇನೆ. ಸಫಾರಿ ಜೀಪು ತೆರೆದ ಗಾಡಿ. ಕೈ ಜಾರಿ ಫೋನ್ ಕೆಳಗೆ ಬಿದ್ದರೆ ಇಳಿದು ಎತ್ತಿಕೊಳ್ಳುವ ಹಾಗಿಲ್ಲ, ಕಾಡಿನಲ್ಲಿ ಯಾರೂ ಜೀಪಿನಿಂದ ಕಾಲು ಕೆಳಗಿಡುವಂತಿಲ್ಲ. ಬಗ್ಗಿ ಹಿಡಿಯಲು ಹೋಗುವ ಮಗುವನ್ನು ನಾವು ಹಿಡಿಯಬೇಕು. ದೋಣಿಯಲ್ಲಿ ಲೈಫ್ ಜಾಕೆಟ್ ಹಾಕಿಸಿರುತ್ತೇವೆ ನಿಜ, ಆದರೆ ಸೆಲ್ಫಿಗೆ ಎಲ್ಲರೂ ಒಂದೇ ಬದಿಗೆ ವಾಲಿದರೆ ಜಾಕೆಟ್ ಇದೆ ಅಂತ ನಾನು ನೆಮ್ಮದಿಯಾಗಿ ಕೂರಲು ಆಗುತ್ತದೆಯೇ? ಇನ್ನು ಆನೆ ಮರಿ ಜೊತೆ ನೀರಿಗೆ ಇಳಿದಿರುವಾಗ ಒಂದು ರಿಂಗ್‌ಟೋನ್ ಹೊಡೆದರೆ ಸಾಕು. ಮತ್ತೆ, ಎಲ್ಲಿ ಏನು ಕಂಡಿತು ಅಂತ ಫೋನಿನಲ್ಲಿ ಸುದ್ದಿ ಹಬ್ಬಿ ಜೀಪುಗಳೆಲ್ಲ ಒಂದೇ ಪ್ರಾಣಿಯನ್ನು ಮುತ್ತಿಕೊಳ್ಳುವುದನ್ನು ಬೇರೆ ಕಾಡುಗಳಲ್ಲಿ ನೀವೂ ನೋಡಿರಬಹುದು. ನಮ್ಮ ಮಕ್ಕಳು ಅದನ್ನು ಕಲಿಯುವುದು ಬೇಡ.

ಸೈಲೆಂಟ್‌ನಲ್ಲಿ ಇಟ್ಟುಕೊಂಡರೆ ಸಾಲದೇ ಅಂತ ಹಲವರು ಕೇಳಿದ್ದೀರಿ. ಸಾಲದು. ಬ್ಯಾಗಿನಲ್ಲಿ ಇರಲಿ, ತೆಗೆಯುವುದಿಲ್ಲ ಅಂದವರ ಮಾತನ್ನೂ ಕೇಳಿಸಿಕೊಂಡಿದ್ದೇನೆ. ನಿಮ್ಮ ಮಗ ತೆಗೆಯದೇ ಇರಬಹುದು, ಪಕ್ಕದವನು ತೆಗೆದರೆ ಇವನ ಕೈ ಸುಮ್ಮನಿರುತ್ತದೆಯೇ? ಹೋದ ಸಲ ಬಸ್ಸಿನಲ್ಲಿ ಇಟ್ಟುಕೊಳ್ಳಿ, ಲಾಡ್ಜಿನಲ್ಲಿ ಕೊಡಿ ಅಂದಿದ್ದೆವು. ವಸೂಲಿ ಮಾಡುವಷ್ಟರಲ್ಲಿ ಊಟದ ಹೊತ್ತಾಯಿತು. ಅದಕ್ಕೇ ಈ ಸಲ ಮನೆಯಲ್ಲೇ ಇರಲಿ ಅನ್ನುತ್ತಿರುವುದು. ಇದು ಶಿಕ್ಷೆಯಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ನಿಮ್ಮ ಮಕ್ಕಳ ಮೇಲೆ ನಂಬಿಕೆ ಇಲ್ಲ ಅಂತಲೂ ಅಲ್ಲ.

ನಿಮ್ಮ ಸಮಾಧಾನಕ್ಕೆ ಇಷ್ಟು ಮಾಡುತ್ತೇವೆ. ಜೊತೆಗೆ ಹೋಗುವ ಶಿಕ್ಷಕರ ಫೋನ್ ಇದ್ದೇ ಇರುತ್ತದೆ, ನಂಬರ್ ಡೈರಿಯಲ್ಲಿ ಬರೆಸಿ ಕಳಿಸುತ್ತೇವೆ. ಒಳಗೆ ನೆಟ್‌ವರ್ಕ್ ಸಿಗದೇ ಹೋಗಬಹುದು, ಲಾಡ್ಜಿಗೆ ವಾಪಸ್ ಬಂದ ತಕ್ಷಣ ಗ್ರೂಪಿಗೆ ಮೆಸೇಜ್ ಬರುತ್ತದೆ. ರಾತ್ರಿ ಊಟ ಆದ ಮೇಲೆ, ಬೇಕು ಅನ್ನುವ ಮಕ್ಕಳು ಮನೆಗೆ ಮಾತಾಡಬಹುದು. ಎಲ್ಲರೂ ಮಾತಾಡಲೇಬೇಕು ಅಂತ ಹಟ ಬೇಡ, ಕೆಲವರಿಗೆ ಆಗ ಕೇರಂ ಮುಖ್ಯ. ಫೋಟೊ ಬೇಕೆನ್ನುವವರಿಗೆ ಶಾಲೆಯ ಕ್ಯಾಮೆರಾ ಇದೆ, ತೆಗೆದಿದ್ದೆಲ್ಲ ಹಂಚುತ್ತೇವೆ. ಸಕ್ಕರೆ ಕಾಯಿಲೆಗೋ ಬೇರೆ ತೊಂದರೆಗೋ ಫೋನಿಗೆ ಜೋಡಿಸಿದ ಯಂತ್ರ ಬಳಸುವ ಮಗುವಿದ್ದರೆ ನನಗೆ ಖುದ್ದಾಗಿ ತಿಳಿಸಿ, ಅದಕ್ಕೆ ಈ ನಿಯಮ ಇಲ್ಲ. ಅದೊಂದು ಬಿಟ್ಟು ಬೇರೆ ಯಾವ ಕಾರಣಕ್ಕೂ ರಿಯಾಯಿತಿ ಕೊಡುವುದಿಲ್ಲ, ಶಾಲೆಯ ಟ್ರಸ್ಟಿಗಳ ಮೊಮ್ಮಕ್ಕಳಿಗೂ ಇಲ್ಲ.

ಬಟ್ಟೆ ಬಗ್ಗೆ ಒಂದು ಮಾತು. ಹಸಿರು, ಕಂದು, ಬೂದು ಬಣ್ಣದ್ದು ಯಾವುದಾದರೂ ಹಳೆಯದಿದ್ದರೆ ಸಾಕು. ಹೊಸದು ಕೊಳ್ಳಬೇಡಿ, ಅದರಲ್ಲೂ ಕೆಂಪು ಬೇಡ.

ಮೊಬೈಲ್ ಕಳಿಸುವುದಿಲ್ಲ ಎಂದು ಒಪ್ಪಿಗೆ ಚೀಟಿಗೆ ಸಹಿ ಮಾಡಿ ಶನಿವಾರದೊಳಗೆ ತರಗತಿ ಶಿಕ್ಷಕರಿಗೆ ಕೊಡಿ.

ಇಂತಿ,
ಮುಖ್ಯ ಶಿಕ್ಷಕರು

ತಾ.ಕ.: ಎಂಟನೇ ತರಗತಿಯ ಯಾರದೋ ಕಂದು ಸ್ವೆಟರ್, ಒಂದು ಟಿಫಿನ್ ಡಬ್ಬಿ, ಜೋಡಿ ಇಲ್ಲದ ಒಂದು ಸಾಕ್ಸ್ ಬಸ್ಸಿನಲ್ಲಿ ಸಿಕ್ಕಿವೆ. ಆಫೀಸಿನಲ್ಲಿ ಇಟ್ಟಿದ್ದೇವೆ, ಯಾರೂ ಕೇಳಿಕೊಂಡು ಬಂದಿಲ್ಲ.