ವಿಮಾನದ ವೇಳಾಪಟ್ಟಿಯಲ್ಲಿ ಹಾರುವ ಹೊತ್ತೂ ಇರಲಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳಲ್ಲಿ ಬಜಪೆಯ ಮಂಗಳೂರು ಏರ್‌ಪೋರ್ಟಿನಿಂದ ಗಲ್ಫ್‌ಗೆ ಹೋಗುವ ವಿಮಾನಗಳ ವೇಳೆ ಆಗಾಗ ಬರುತ್ತದೆ. ಹೊರಡುವುದು ಎಷ್ಟಕ್ಕೆ, ಇಳಿಯುವುದು ಎಷ್ಟಕ್ಕೆ, ಅಷ್ಟೇ. ನಡುವೆ ಹಾರುವುದು ಎಷ್ಟು ಗಂಟೆ ಎಂದೂ ಹಾಕಿದರೆ ತುಂಬಾ ಜನರಿಗೆ ಉಪಕಾರ.

ನಾನು ಉಡುಪಿ ಹತ್ತಿರದ ಕಟಪಾಡಿಯಲ್ಲಿ ಬಾಡಿಗೆ ಕಾರು ಓಡಿಸುವವನು. ಏರ್‌ಪೋರ್ಟ್ ಬಾಡಿಗೆಯೇ ಜಾಸ್ತಿ. ಮಕ್ಕಳ ಮನೆಗೆ ಹೊರಟ ಹಿರಿಯರು ಮೂಲ್ಕಿ ದಾಟಿ ಕಿನ್ನಿಗೋಳಿ ರಸ್ತೆಗೆ ತಿರುಗುವಷ್ಟರಲ್ಲಿ ಟಿಕೆಟ್ ತೆಗೆದು ನೋಡಿ ಕೇಳುತ್ತಾರೆ. "ಎಂಥ ಮಾರಾಯಾ ಇದು, ದುಬೈಗೆ ಹೋಗುವಾಗ 2 ಗಂಟೆ, ಬರುವಾಗ 5 ಗಂಟೆ?" ಅವರ ತಪ್ಪಲ್ಲ. ಟಿಕೆಟಿನಲ್ಲಿ ಇರುವುದು ಆಯಾ ಊರಿನ ಗಡಿಯಾರದ ಹೊತ್ತು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಳಿಗ್ಗೆ 8ಕ್ಕೆ ಇಲ್ಲಿಂದ ಹೊರಟರೆ ಅಲ್ಲಿನ 10ಕ್ಕೆ ಇಳಿಯಬಹುದು. ಅಲ್ಲಿ ಮಧ್ಯಾಹ್ನ 12ಕ್ಕೆ ಹತ್ತಿದರೆ ಇಲ್ಲಿ ಸಂಜೆ 5. ಹಾರಿದ್ದು ಎರಡೂ ಸಲ ಮೂರೂವರೆ ಗಂಟೆಯ ಆಸುಪಾಸು. ದೂರ ಸುಮಾರು 2,450 ಕಿ.ಮೀ. ಗಾಳಿ ಹಿಂದಿನಿಂದ ತಳ್ಳಿದರೆ ಸ್ವಲ್ಪ ಬೇಗ, ಎದುರಾದರೆ ಸ್ವಲ್ಪ ತಡ.

ಇದರಿಂದ ಏನು ತೊಂದರೆ ಅಂತೀರಾ? ಕರೆದುಕೊಂಡು ಬರಲು ಹೋಗುವವರು "ಹೋಗುವಾಗ ಎರಡೇ ಗಂಟೆ ಅಲ್ವಾ" ಎಂದು ಲೆಕ್ಕ ಹಾಕಿ ಮಧ್ಯಾಹ್ನವೇ ಬಂದು ಕೂರುತ್ತಾರೆ. ಪಾರ್ಕಿಂಗ್ ದುಡ್ಡು ಏರುತ್ತಾ ಹೋಗುತ್ತದೆ. ಅದಾದರೂ ಹೋಗಲಿ. ಶುಗರ್ ಇರುವವರಿಗೆ ಊಟ, ಮಾತ್ರೆ, ಇಂಜೆಕ್ಷನ್ ನಡುವೆ ಎಷ್ಟು ಹೊತ್ತು ಎಂದು ಗೊತ್ತಿರಲೇಬೇಕು. ಗಡಿಯಾರ ನಂಬಿ ಹೊರಟರೆ ಲೆಕ್ಕ ತಪ್ಪುತ್ತದೆ. ವಿಮಾನ ಹೊರಡುವ ಮೂರು ಗಂಟೆ ಮೊದಲೇ ಏರ್‌ಪೋರ್ಟಿನಲ್ಲಿರಬೇಕು ಬೇರೆ. ಬೆಳಿಗ್ಗೆ 8ರ ವಿಮಾನಕ್ಕೆ ಕಟಪಾಡಿ ಬಿಡುವುದು ಮೂರೂವರೆಗೆ. ಆ ಹೊತ್ತಿಗೆ ಯಾರ ಹೊಟ್ಟೆಗೆ ಏನು ಹೋಗಿರುತ್ತದೆ?

ಅಮೆರಿಕದ್ದಂತೂ ಇನ್ನೂ ಗೋಜಲು. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾ ವಿಮಾನ ತಂದದ್ದು ನಿಮಗೆ ನೆನಪಿರಬಹುದು. ಉತ್ತರ ಧ್ರುವದ ಮೇಲಿನಿಂದ, ಹೆಚ್ಚುಕಡಿಮೆ 14,000 ಕಿ.ಮೀ. ಅಲ್ಲಿ 9ನೇ ತಾರೀಕು ರಾತ್ರಿ ಹೊರಟು ಇಲ್ಲಿ 11ನೇ ತಾರೀಕು ನಸುಕಿಗೆ ಇಳಿಯಿತು. ತಾರೀಕು ನೋಡಿದವರಿಗೆ ಎರಡು ದಿನದ ಪ್ರಯಾಣ. ಆಕಾಶದಲ್ಲಿದ್ದದ್ದು ಸುಮಾರು 17 ಗಂಟೆ. ಚಳಿಗಾಲದಲ್ಲಿ ಆ ಊರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ ಇರುತ್ತದೆ. ಅದೇ ದಾರಿಯಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟು 17 ಗಂಟೆ ಹಾರಿದರೂ ಅಲ್ಲಿ ಅದೇ ದಿನ ಸಂಜೆ ಐದೂವರೆ!

ಆದ್ದರಿಂದ ವೇಳೆಯ ಪಕ್ಕದಲ್ಲಿ "ಹಾರಾಟ 3 ಗಂಟೆ 30 ನಿಮಿಷ" ಎಂದು ಸಣ್ಣ ಅಕ್ಷರದಲ್ಲಾದರೂ ಹಾಕಿ. ಟಿಕೆಟ್ ಮಾಡಿಕೊಡುವ ಏಜೆಂಟರೂ ಹಿರಿಯರ ಟಿಕೆಟಿನ ಮೇಲೆ ಪೆನ್ನಿನಲ್ಲಿ ಇಷ್ಟು ಬರೆದುಕೊಡಲಿ. ಕಟಪಾಡಿಯಿಂದ ಬಜಪೆಗೆ ಎಷ್ಟು ಹೊತ್ತು ಎಂದು ಮಾತ್ರ ಯಾರೂ ಅಚ್ಚು ಹಾಕಬೇಡಿ. ಹೆದ್ದಾರಿಯ ಅವಸ್ಥೆ ನೋಡಿದರೆ ಅದು ನನಗೇ ಹೇಳಲಿಕ್ಕಾಗುವುದಿಲ್ಲ.

— ಒಬ್ಬ ಬಾಡಿಗೆ ಕಾರು ಚಾಲಕ, ಕಟಪಾಡಿ