ಮೈನರ್ ಕ್ರಿಮಿನಾಲಜಿ ಮತ್ತು ನಿನ್ನ ಕಂಪಾಸ್ ಪೆಟ್ಟಿಗೆ

ಪುಣೆ

ದೋಸ್ತ,

"ನನ್ನ ತಮ್ಮ ಕ್ರಿಮಿನಾಲಜಿ (ಅಪರಾಧಶಾಸ್ತ್ರ) ತಗೋತೀನಂತ ಹಟ ಹಿಡದಾನ, ಅದರಾಗ ಏನೈತಿ ಅಂತ ಬರಿ" ಅಂದಿದ್ದಿ. ಫೋನಿನಲ್ಲಿ ಹೇಳಿ ಮುಗಿಯೋದಲ್ಲ, ಅದಕ್ಕೇ ಪತ್ರ.

ಮೊದಲು ನಮ್ಮಪ್ಪನ ಕಥೆ ಕೇಳು. ಎಕನಾಮಿಕ್ಸ್ ಮೇಜರ್, ಅಂದರೆ ಮುಖ್ಯ ವಿಷಯ, ಕ್ರಿಮಿನಾಲಜಿ ಮೈನರ್, ಅಂದರೆ ಜೊತೆಗಿನ ಸಣ್ಣ ವಿಷಯ ಅಂತ ಅಪ್ಪನಿಗೆ ಹೇಳಿದ್ದೆ. ಅವರು ಕಟ್ಟೆ ಮೇಲೆ ಕೂತವರಿಗೆ ಹೇಳಿದರು, ಅವರು ಇನ್ನಾರಿಗೋ ಹೇಳಿದರು. ಸಂಜೆ ಹೊತ್ತಿಗೆ ಕಾಕಾನ ಫೋನ್: "ಏನ್ ಮಾಡಕೊಂಡ್ಯೋ ಪುಣೆದಾಗ? ಮೈನರ್ ಅಂದ್ರ ಜಾಮೀನು ಲಗೂ ಸಿಗತೈತೇಳು." ನನಗೆ ಇಪ್ಪತ್ತಾಗಿದೆ ಅನ್ನೋದೂ ಅವರಿಗೆ ಮರೆತುಹೋಗಿತ್ತು.

ನಿನ್ನ ತಮ್ಮನ ವಿಷಯ ಬೇಗ ಮುಗಿಸ್ತೀನಿ. ಬೆರಳಚ್ಚು, ರಕ್ತದ ಕಲೆ ಅಂತ ಅವನು ಕನಸು ಕಾಣ್ತಿದ್ದರೆ ಅದು ಫೊರೆನ್ಸಿಕ್, ಅದಕ್ಕೆ ಸೈನ್ಸ್ ಓದಬೇಕು. ಮೈನರ್ ಒಂದರಿಂದಲೇ ಯಾರೂ ನೌಕರಿ ಕೊಡೋದಿಲ್ಲ. ಇದಕ್ಕೇ ಪುಣೆವರೆಗೂ ಬರಬೇಕಂತಲೂ ಇಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಅಪರಾಧಶಾಸ್ತ್ರದ ವಿಭಾಗ ಇದೆ, ಒಮ್ಮೆ ಹೋಗಿ ವಿಚಾರಿಸಲಿ.

ನನಗೆ ಮೊದಲು ಹಿಡಿಸಿದ್ದು ಲೊಂಬ್ರೋಸೋ ಪಾಠ. ಇಟಲಿಯ ಡಾಕ್ಟರು. ಕೈದಿಗಳ ತಲೆಬುರುಡೆ, ದವಡೆ, ಕಿವಿ, ತೋಳು ಎಲ್ಲ ಅಳೆದು, ಕೆಲವರು ಹುಟ್ಟಾ ಅಪರಾಧಿಗಳು, ಮೈಕಟ್ಟಿನಲ್ಲೇ ಅದು ಕಾಣುತ್ತೆ ಅಂತ 1876ರಲ್ಲಿ ಪುಸ್ತಕ ಬರೆದ. ಮುಂದೆ ಇಂಗ್ಲೆಂಡಿನಲ್ಲಿ ಗೋರಿಂಗ್ ಅನ್ನೋ ಜೈಲು ಡಾಕ್ಟರು ಸುಮಾರು 3 ಸಾವಿರ ಕೈದಿಗಳನ್ನು ಅಳೆದು, ಸೈನಿಕರು, ಕಾಲೇಜು ಹುಡುಗರ ಜತೆ ಹೋಲಿಸಿ, ಅಪರಾಧಿಗಳದ್ದೇ ಅನ್ನೋ ಬೇರೆ ಥರದ ಮೈಕಟ್ಟು ಯಾವುದೂ ಇಲ್ಲ ಅಂತ 1913ರಲ್ಲಿ ತೋರಿಸಿದ. ಕ್ಲಾಸಿನಲ್ಲಿ ಎಲ್ಲರೂ ಲೊಂಬ್ರೋಸೋನನ್ನು ನೋಡಿ ನಕ್ಕೆವು. ನನಗೆ ಮಾತ್ರ ನಮ್ಮಜ್ಜಿಯ "ಮಾರಿ ನೋಡಿದ್ರ ಗೊತ್ತಾಗತೈತಿ" ನೆನಪಾಗಿ ನಗು ಅರ್ಧಕ್ಕೇ ನಿಂತಿತು.

ಅದೇ ವಾರ ಬಸ್ಸಿನ ನೂಕುನುಗ್ಗಲಲ್ಲಿ ಯಾರೋ ನನ್ನ ಮೊಬೈಲ್ ಎಗರಿಸಿದರು. ಠಾಣೆಯಲ್ಲಿದ್ದ ಹವಾಲ್ದಾರರು ಕೂರಿಸಿ ಚಹಾನೂ ಕೊಟ್ಟರು. ಆಮೇಲೆ ಮರಾಠಿಯಲ್ಲಿ "ಚೋರೀಲಾ ಗೇಲಾ" (ಕಳವಾಯಿತು) ಅನ್ನಬೇಡ, "ಹರವಲಾ" (ಕಳೆದುಹೋಯಿತು) ಅಂತ ಬರೆದುಕೊಡು ಅಂದರು. ಕಳವಾಗಿದ್ದು ಒಂದೇ ಶಬ್ದಕ್ಕೆ ಕಳೆದುಹೋಯಿತು ನೋಡು. ಕಳವು ಅಂದರೆ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ, ಹಳೇ ಐಪಿಸಿ ಲೆಕ್ಕದಲ್ಲಿ 379, ಎಫ್‌ಐಆರ್ ಆಗಬೇಕು, ತನಿಖೆ ಆಗಬೇಕು. ಕಳೆದುಹೋದದ್ದಕ್ಕೆ ಅರ್ಜಿ ಮೇಲೆ ಠಾಣೆಯ ಒಂದು ಸಿಕ್ಕೆ ಸಾಕು. ಇಂಥ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ ಸುಪ್ರೀಂ ಕೋರ್ಟು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಹೇಳಿದೆ. ಅದನ್ನು ಓದಿದವನೇ ನಾನು, ಆದರೂ ಸುಮ್ಮನೆ ಬರೆದುಕೊಟ್ಟು ಬಂದೆ. ಸಿಮ್ ಬೇಕಿತ್ತು, ಮರುದಿನ ಟೆಸ್ಟ್ ಇತ್ತು.

ದೇಶದಲ್ಲಿ ಇಷ್ಟು ಕಳವಾದವು ಅಂತ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಅಂದರೆ ಎನ್‌ಸಿಆರ್‌ಬಿ ವರ್ಷವರ್ಷ ಲೆಕ್ಕ ಕೊಡುತ್ತಲ್ಲ, ಅದು ದಾಖಲಾದ ಕಳವಿನ ಲೆಕ್ಕ. ಒಂದೇ ಎಫ್‌ಐಆರ್‌ನಲ್ಲಿ ನಾಲ್ಕು ಅಪರಾಧ ಇದ್ದರೂ ಎಲ್ಲಕ್ಕಿಂತ ದೊಡ್ಡದೊಂದನ್ನೇ ಎಣಿಸ್ತಾರೆ. ನಿಯತ್ತಾಗಿ ಬರೆದುಕೊಳ್ಳೋ ಠಾಣೆ ಇರೋ ಊರೇ ಪೇಪರಿನಲ್ಲಿ ಕೆಟ್ಟ ಊರಾಗಿ ಕಾಣುತ್ತೆ. ಎಕನಾಮಿಕ್ಸ್‌ನವನಿಗೆ ಇದಕ್ಕಿಂತ ರುಚಿಯಾದ ಪಾಠ ಬೇರೆ ಬೇಕೇನೋ?

ಹೀಗೆ ನನ್ನ ಮೊಬೈಲ್ ಕದ್ದವ ಯಾವ ಪುಸ್ತಕದಲ್ಲೂ ಇಲ್ಲ. ಇನ್ನು ಏನೂ ಕದಿಯದೆ ಪುಸ್ತಕ ಸೇರಿದವರ ಕಥೆ. ನಾನು ಕಾಲೇಜಿಗೆ ಹೋಗೋ ದಾರಿಯಲ್ಲಿ ಯೆರವಡಾ ಜೈಲು ಬರುತ್ತೆ. ಕಟ್ಟಿದ್ದು 1871ರಲ್ಲಿ. ಅದೇ ವರ್ಷ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಆಕ್ಟ್, ಅಂದರೆ 'ಅಪರಾಧಿ ಬುಡಕಟ್ಟು'ಗಳ ಕಾಯ್ದೆ ತಂದರು, ಮೊದಲು ಉತ್ತರದ ಕಡೆ, 1911ರ ನಂತರ ನಮ್ಮ ಕಡೆಗೂ. ಇಡೀ ಸಮುದಾಯವೇ ಅಪರಾಧಿ. ಹೆಸರು ರಿಜಿಸ್ಟರಿನಲ್ಲಿ, ಹೊತ್ತುಹೊತ್ತಿಗೆ ಹಾಜರಿ, ಊರು ದಾಟಲು ಪಾಸು. 6ರಿಂದ 18 ವರ್ಷದ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿ ಇಡುವ ಅಧಿಕಾರವೂ ಸರಕಾರಕ್ಕಿತ್ತು. ಇವರನ್ನು ಇಟ್ಟ ಜಾಗಕ್ಕೆ ಏನನ್ನುತ್ತಿದ್ದರು ಅಂತ ಮೇಡಂ ಬೋರ್ಡಿನ ಮೇಲೆ ಬರೆದರು: ಸೆಟ್ಲಮೆಂಟ್. ಸೊಲ್ಲಾಪುರ, ವಿಜಾಪುರ, ಗದಗ, ಹುಬ್ಬಳ್ಳಿ.

ಹುಬ್ಬಳ್ಳಿ! ನಾವು ದಿನಾ ಬಾಯಲ್ಲಿ ಆಡೋ ಸೆಟ್ಲಮೆಂಟ್. ಯಾವುದೋ ಬಡಾವಣೆಯ ಹೆಸರು ಅಂದುಕೊಂಡಿದ್ದೆ, ವಿದ್ಯಾನಗರ ಇದ್ದ ಹಾಗೆ. ಆ ಹೆಸರಿನೊಳಗೆ ಹಾಜರಿ ಪುಸ್ತಕ ಇದೆ ಅಂತ ಹತ್ತೊಂಬತ್ತು ವರ್ಷ ಆ ಊರಲ್ಲೇ ಬೆಳೆದವನಿಗೆ ಗೊತ್ತಿರಲಿಲ್ಲ. ಆ ಪಟ್ಟಿಯಿಂದ ಅವರ ಹೆಸರು ತೆಗೆದದ್ದು 1952ರ ಆಗಸ್ಟ್ 31ಕ್ಕೆ, ನಮಗೆಲ್ಲ ಸ್ವಾತಂತ್ರ್ಯ ಬಂದು 5 ವರ್ಷ 16 ದಿನ ಆದಮೇಲೆ. ಅದರ ಬೆನ್ನಿಗೇ ರಾಜ್ಯರಾಜ್ಯಗಳಲ್ಲಿ 'ರೂಢಿಗತ ಅಪರಾಧಿ'ಗಳ ಕಾಯ್ದೆಗಳು ಬಂದವು, ಅದು ಇನ್ನೊಂದು ಪತ್ರದಷ್ಟು ಉದ್ದದ ಕಥೆ.

ಆ ದಿನ ಮೆಸ್ಸಿನಲ್ಲಿ ಚಪಾತಿ ಮುರೀತಾ ಏಳನೇ ಇಯತ್ತೆ ನೆನಪಾಯ್ತು. ನಿನ್ನ ಹೊಸ ಕಂಪಾಸ್ ಪೆಟ್ಟಿಗೆ ಕಾಣೆಯಾದಾಗ ಮಾಸ್ತರರು ಯಾರನ್ನೂ ಕೇಳದೆ ಸೀದಾ ಹಿಂದಿನ ಬೆಂಚಿನ ಸೆಟ್ಲಮೆಂಟಿನ ಹುಡುಗನ ಪಾಟೀಚೀಲ ಕೊಡವಿದರು. ನಾವೂ ಅವನ ಕಡೆಗೇ ತಿರುಗಿ ನೋಡಿದ್ದೆವು. ಅವನು ಅಳಲಿಲ್ಲ, ಬಿದ್ದ ಪುಸ್ತಕ ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡ. ನಾಲ್ಕು ದಿನದ ಮೇಲೆ ಪೆಟ್ಟಿಗೆ ನಿಮ್ಮ ಮನೆ ಟ್ರಂಕಿನ ಹಿಂದೆ ಸಿಕ್ಕಿತು. ನನಗೊಬ್ಬನಿಗೇ ಹೇಳಿದಿ. ಮಾಸ್ತರರಿಗೆ ಹೇಳಿದರೆ ಬೈತಾರಂತ ಇಬ್ಬರೂ ಬಾಯಿ ಮುಚ್ಚಿಕೊಂಡಿದ್ವಿ. ಅವನಿಗಂತೂ ಹೇಳಲೇ ಇಲ್ಲ.

ಎಂಟನೇ ಇಯತ್ತೆಗೆ ಅವನು ಬರಲಿಲ್ಲ, ಅಲ್ವಾ? ದಸರಾ ಸೂಟಿಗೆ ಊರಿಗೆ ಬರ್ತೀನಿ. ಅಷ್ಟರಲ್ಲಿ ಅವನು ಎಲ್ಲಿದ್ದಾನೆ ಅಂತ ಸ್ವಲ್ಪ ವಿಚಾರಿಸಿಡು. ಹೋದರೆ ಇಬ್ಬರೂ ಕೂಡಿ ಹೋಗೋಣ, ಪೆಟ್ಟಿಗೆ ನಿಂದು.

ನಿನ್ನ ದೋಸ್ತ